18 ಜನರ ಪಟ್ಟಿ, ಒಬ್ಬನ ಬೆನ್ನು: ಬಾರ್ಡರ್–ಗವಾಸ್ಕರ್ ಟ್ರೋಫಿ 2024-25ರ ಆಯ್ಕೆ ಮತ್ತು ನಾಯಕತ್ವದ ವಿಮರ್ಶೆ

ಸೇವೆ: ಬಾರ್ಡರ್–ಗವಾಸ್ಕರ್ ಟ್ರೋಫಿಗಾಗಿ ಆಸ್ಟ್ರೇಲಿಯಾ ಎದುರು ಆಡಿದ ಐದು ಟೆಸ್ಟ್‌ಗಳಿಗೆ ಭಾರತ ತಂಡದ ಆಯ್ಕೆ ಮತ್ತು ನಾಯಕತ್ವ. ಒದಗಿಸಿದವರು: ಅಜಿತ್ ಅಗರ್ಕರ್ ಅಧ್ಯಕ್ಷತೆಯ ಬಿಸಿಸಿಐ ಆಯ್ಕೆ ಸಮಿತಿ ಮತ್ತು ಪ್ರವಾಸದಲ್ಲಿದ್ದ ಟೀಮ್ ಮ್ಯಾನೇಜ್‌ಮೆಂಟ್. ಬಳಕೆಯಾದ ಸ್ಥಳ, ಅವಧಿ: ಆಸ್ಟ್ರೇಲಿಯಾದ ಐದು ಮೈದಾನಗಳು, 2024ರ ನವೆಂಬರ್ 22ರಿಂದ 2025ರ ಜನವರಿ 5. ಬಳಕೆದಾರರು: ಬೆಳಗಿನ ಜಾವ ಐದಕ್ಕೆ ಅಲಾರಂ ಇಟ್ಟುಕೊಂಡು ಟಿವಿ ಹಾಕಿದ ನಾವೆಲ್ಲ. ಫಲಿತಾಂಶ: ಆಸ್ಟ್ರೇಲಿಯಾ 3, ಭಾರತ 1, ಡ್ರಾ 1. ನಮ್ಮ ಅಂಕ: ಐದಕ್ಕೆ ಎರಡು.

ಆ ಎರಡರಲ್ಲಿ ಒಂದೂವರೆ ಅಂಕ ಪರ್ತ್‌ನದ್ದು, ಉಳಿದರ್ಧ ನಿತೀಶ್ ಕುಮಾರ್ ರೆಡ್ಡಿಯನ್ನು ಆರಿಸಿದ ಧೈರ್ಯಕ್ಕೆ. ‘ಬ್ಯಾಟಿಂಗ್ ಕೈಕೊಟ್ಟಿತು, ಅಷ್ಟೇ’ ಎಂದು ಈ ಸರಣಿಯನ್ನು ಒಂದೇ ಸಾಲಿನಲ್ಲಿ ಮುಗಿಸುವವರು ಬಹಳ. ಕೈಕೊಟ್ಟದ್ದು ನಿಜ. ಆದರೆ ಸೇವೆಯ ದೋಷ ಬೇರೆ ಕಡೆ ಇತ್ತು. ಬ್ಯಾಟಿಂಗ್ ಕುಸಿದೀತೆಂಬ ಭಯಕ್ಕೆ ಟೆಸ್ಟ್ ಮೇಲೆ ಟೆಸ್ಟ್ ಒಬ್ಬ ಪೂರ್ಣಪ್ರಮಾಣದ ಬೌಲರ್‌ನನ್ನು ಬಿಟ್ಟು ಎಂಟನೇ ಕ್ರಮಾಂಕದವರೆಗೆ ಬ್ಯಾಟ್ ಹಿಡಿಯಬಲ್ಲವರನ್ನು ತುಂಬಿದರು. ಬ್ಯಾಟಿಂಗ್ ಆದರೂ ಕುಸಿಯಿತು. ಬಿಟ್ಟ ಬೌಲರ್‌ನ ಓವರ್‌ಗಳೆಲ್ಲ ಜಸ್‌ಪ್ರೀತ್ ಬುಮ್ರಾ ಬೆನ್ನಿನ ಮೇಲೆ ಬಿದ್ದವು. ಸಿಡ್ನಿಯಲ್ಲಿ ಆ ಬೆನ್ನು ನಿಂತುಹೋಯಿತು.

ಓವರ್‌ಗಳ ಲೆಕ್ಕ

ಆಸ್ಟ್ರೇಲಿಯಾದಲ್ಲಿ ಆಡುವ ಹನ್ನೊಂದನ್ನು ಆರಿಸುವಾಗ ಮೊದಲು ಕೇಳಬೇಕಾದ್ದು ‘ಯಾರು ರನ್ ಹೊಡೆಯುತ್ತಾರೆ’ ಎಂದಲ್ಲ, ‘90 ಓವರ್ ಯಾರು ಹಾಕುತ್ತಾರೆ’ ಎಂದು. ಮೂವರು ಮುಖ್ಯ ವೇಗಿಗಳು ದಿನಕ್ಕೆ ತಲಾ 18ರಿಂದ 20 ಓವರ್ ಹಾಕಿದರೆ 55-60 ಆಯಿತು. ಉಳಿದ 30-35 ಓವರ್‌ಗಳನ್ನು ಸ್ಪಿನ್ನರ್ ಮತ್ತು ಆಲ್‌ರೌಂಡರ್ ಹೊರಬೇಕು. ಅವರಿಬ್ಬರ ಮೇಲೆ ನಾಯಕನಿಗೆ ನಂಬಿಕೆ ಇಲ್ಲದಿದ್ದರೆ, ಅಥವಾ ಮೂರನೇ ವೇಗಿ ಓವರ್‌ಗೆ ಐದು ರನ್ ಬಿಟ್ಟರೆ, ಚೆಂಡು ಮತ್ತೆ ಅದೇ ಕೈಗೆ ಹೋಗುತ್ತದೆ. ಅಲ್ಲಿನ ಕೂಕಬುರಾ ಚೆಂಡು ಮೊದಲ 30-35 ಓವರ್ ಚೆನ್ನಾಗಿ ಸೀಮ್ ಆಗುತ್ತದೆ (ಪಿಚ್‌ಗೆ ಬಿದ್ದು ಪಕ್ಕಕ್ಕೆ ಹೊರಳುತ್ತದೆ), ಆಮೇಲೆ ಮೆತ್ತಗಾಗುತ್ತದೆ. ಎರಡನೇ ಹೊಸ ಚೆಂಡು ಬರುವುದು 80 ಓವರ್ ಆದ ಮೇಲೆ. ನಡುವಿನ 45 ಓವರ್‌ಗಳಲ್ಲಿ ರನ್ ಕಟ್ಟಿಹಾಕುವವನೊಬ್ಬ ಇಲ್ಲದಿದ್ದರೆ ಟ್ರಾವಿಸ್ ಹೆಡ್‌ನಂಥವನು ಒಂದೇ ಸೆಷನ್‌ನಲ್ಲಿ ಪಂದ್ಯ ಕೊಂಡೊಯ್ಯುತ್ತಾನೆ. ಅಡಿಲೇಡ್‌ನಲ್ಲಿ 140, ಬ್ರಿಸ್ಬೇನ್‌ನಲ್ಲಿ 152. ಎರಡೂ ಸಲ ಆದದ್ದು ಅದೇ.

ಬುಮ್ರಾ ಹಾಕಿದ ಓವರ್‌ಗಳನ್ನು ಸಾಲಾಗಿ ಇಟ್ಟು ನೋಡಿ. ಪರ್ತ್‌ನಲ್ಲಿ 30, ಅಡಿಲೇಡ್‌ನಲ್ಲಿ 24, ಬ್ರಿಸ್ಬೇನ್‌ನಲ್ಲಿ 34, ಮೆಲ್ಬರ್ನ್‌ನಲ್ಲಿ 53.2, ಸಿಡ್ನಿಯಲ್ಲಿ 10. ಒಟ್ಟು 151.2 ಓವರ್, 32 ವಿಕೆಟ್, ಸರಾಸರಿ 13.06. ಸರಣಿಯಲ್ಲಿ ಆಸ್ಟ್ರೇಲಿಯಾದ 81 ವಿಕೆಟ್ ಬಿದ್ದವು, ಒಂದು ರನೌಟ್. ಉಳಿದ 80ರಲ್ಲಿ 32 ಒಬ್ಬನದು, 20 ಮೊಹಮ್ಮದ್ ಸಿರಾಜ್‌ದು. ಮಿಕ್ಕ ಏಳು ಬೌಲರ್‌ಗಳಿಗೆಲ್ಲ ಸೇರಿ 28. ಆಚೆ ಕಡೆ ಪ್ಯಾಟ್ ಕಮಿನ್ಸ್ 25, ಸ್ಕಾಟ್ ಬೋಲ್ಯಾಂಡ್ 21, ಮಿಚೆಲ್ ಸ್ಟಾರ್ಕ್ 18. ಅಷ್ಟಾಗಿಯೂ ಬೋಲ್ಯಾಂಡ್ ಆಡಿದ್ದು ಮೂರೇ ಟೆಸ್ಟ್, ಅದೂ ಜೋಶ್ ಹೇಜಲ್‌ವುಡ್ ಗಾಯಗೊಂಡದ್ದರಿಂದ. ಅವರ ಮೀಸಲು ಬೌಲರ್‌ಗೆ 21 ವಿಕೆಟ್, ನಮ್ಮಲ್ಲಿ ಮೂರನೇ ವೇಗಿಯ ಜಾಗಕ್ಕೆ ಮೂವರನ್ನು ತಿರುಗಿಸಿದರೂ ಅವರೆಲ್ಲರಿಂದ 15. ಸರಣಿಯ ಅಂತರ ಇದೇ. ಜೋಡಿ ಎತ್ತಿನ ನೊಗಕ್ಕೆ ಒಂದೇ ಎತ್ತು ಕಟ್ಟಿ ಹೊಲ ಮುಗಿಸಲು ಹೊರಟಂತಾಯಿತು.

ಪಟ್ಟಿ

ಅಕ್ಟೋಬರ್ 25ರಂದು ಬಂದ ಪಟ್ಟಿಯಲ್ಲಿ 18 ಮಂದಿ, ಜೊತೆಗೆ ಮೂವರು ಮೀಸಲು ವೇಗಿಗಳು. ಅದು ಬಂದ ಸಂದರ್ಭವನ್ನೂ ನೆನೆಯಬೇಕು. ಬೆಂಗಳೂರಿನಲ್ಲಿ ನ್ಯೂಜಿಲೆಂಡ್ ಎದುರು 46ಕ್ಕೆ ಆಲೌಟ್ ಆಗಿ ಒಂದು ವಾರವಾಗಿತ್ತಷ್ಟೆ. ಮೋಡ ಕವಿದ ಚಿನ್ನಸ್ವಾಮಿಯಲ್ಲಿ ಟಾಸ್ ಗೆದ್ದು ಬ್ಯಾಟಿಂಗ್ ಆರಿಸಿದ್ದ ರೋಹಿತ್ ಶರ್ಮಾ, ಪಿಚ್ ಓದುವುದರಲ್ಲಿ ಎಡವಿದೆ ಎಂದು ಆಮೇಲೆ ಒಪ್ಪಿಕೊಂಡಿದ್ದರು. ಆ ಸರಣಿ 0-3 ಆಗಿ ಮುಗಿಯಿತು. ಬ್ಯಾಟಿಂಗ್ ಭಯ ಹುಟ್ಟಿದ್ದು ಇಲ್ಲಿ, ಆಸ್ಟ್ರೇಲಿಯಾದಲ್ಲಲ್ಲ.

ಪಟ್ಟಿಯಲ್ಲಿ ವೇಗಿಗಳ ಸಂಖ್ಯೆ ಸಾಕಷ್ಟಿತ್ತು. ಬುಮ್ರಾ, ಸಿರಾಜ್, ಆಕಾಶ್ ದೀಪ್, ಪ್ರಸಿದ್ಧ ಕೃಷ್ಣ, ಹರ್ಷಿತ್ ರಾಣಾ, ಮತ್ತೆ ಆಲ್‌ರೌಂಡರ್ ಲೆಕ್ಕದಲ್ಲಿ ನಿತೀಶ್. ಆದರೆ ಮೊದಲಿಬ್ಬರನ್ನು ಬಿಟ್ಟರೆ ಆಸ್ಟ್ರೇಲಿಯಾದಲ್ಲಿ ಟೆಸ್ಟ್ ಆಡಿದವರು ಯಾರೂ ಇಲ್ಲ. ಮೊಹಮ್ಮದ್ ಶಮಿ ಶಸ್ತ್ರಚಿಕಿತ್ಸೆಯ ನಂತರ ನವೆಂಬರ್‌ನಲ್ಲಿ ರಣಜಿಗೆ ಮರಳಿದರೂ ಮಂಡಿ ಊತದಿಂದ ಐದು ದಿನದ ಆಟಕ್ಕೆ ಸಿದ್ಧರಾಗಲಿಲ್ಲ. ಅದಕ್ಕೆ ಆಯ್ಕೆಗಾರರನ್ನು ದೂರುವಂತಿಲ್ಲ. ಕುಲ್‌ದೀಪ್ ಯಾದವ್ ಕೂಡ ತೊಡೆಸಂದಿನ ತೊಂದರೆಯಿಂದ ಹೊರಗೆ. ಎಡಗೈ ವೇಗಿಯೊಬ್ಬರೂ 18ರಲ್ಲಿ ಇರಲಿಲ್ಲ, ಖಲೀಲ್ ಅಹ್ಮದ್ ಮೀಸಲಿನಲ್ಲಿದ್ದರು. ಇದನ್ನು ದೂರಬಹುದು. ಬಲಗೈ ವೇಗಿಗಳೇ ತುಂಬಿದ ದಾಳಿಗೆ ಹೆಡ್ ಥರದ ಎಡಗೈ ಬ್ಯಾಟರ್ ಬೇಗ ಒಗ್ಗಿಕೊಳ್ಳುತ್ತಾನೆ.

ತಯಾರಿಯಲ್ಲೂ ಜಿಪುಣತನ. ಪರ್ತ್ ಟೆಸ್ಟ್‌ಗೆ ಮುನ್ನ ಇಂಡಿಯಾ ‘ಎ’ ಜೊತೆ ನಿಗದಿಯಾಗಿದ್ದ ಅಭ್ಯಾಸ ಪಂದ್ಯವನ್ನು ಕೈಬಿಟ್ಟು ಪಂದ್ಯದ ಮಾದರಿಯ ನೆಟ್ಸ್‌ಗೆ ಇಳಿದರು. ಅಡಿಲೇಡ್‌ಗೆ ಮುನ್ನ ಕ್ಯಾನ್‌ಬೆರಾದ ಪಿಂಕ್ ಬಾಲ್ (ಹಗಲು-ರಾತ್ರಿ ಟೆಸ್ಟ್‌ನ ಚೆಂಡು) ಅಭ್ಯಾಸದ ಮೊದಲ ದಿನ ಮಳೆಗೆ ಹೋಯಿತು, ಕೊನೆಗೆ ಉಳಿದದ್ದು ತಂಡಕ್ಕೆ 46 ಓವರ್‌ಗಳ ಆಟ. ಹೀಗಾದಾಗ ಆಯ್ಕೆಗೆ ಹೊಸ ಮಾಹಿತಿ ಎಲ್ಲಿಂದ ಬರಬೇಕು? ಬಂದದ್ದು ಇಂಡಿಯಾ ‘ಎ’ ಪಂದ್ಯಗಳಿಂದ ಮಾತ್ರ. ಮೆಲ್ಬರ್ನ್‌ನ ಎಂಸಿಜಿ ಮೈದಾನದಲ್ಲಿ 80 ಮತ್ತು 68 ಹೊಡೆದ ಧ್ರುವ್ ಜುರೆಲ್ ಪರ್ತ್‌ನಲ್ಲಿ ಬರಿಯ ಬ್ಯಾಟರ್ ಆಗಿ ಆಡಿದರು. ಶುಭ್‌ಮನ್ ಗಿಲ್ ಹೆಬ್ಬೆರಳು ಮುರಿದುಕೊಂಡದ್ದರಿಂದ ‘ಎ’ ತಂಡದಲ್ಲಿದ್ದ ನಮ್ಮ ದೇವದತ್ ಪಡಿಕ್ಕಲ್ ಅಲ್ಲೇ ಉಳಿದು ಮೂರನೇ ಕ್ರಮಾಂಕಕ್ಕೆ ಬಂದರು. ಅದೇ ‘ಎ’ ತಂಡದಲ್ಲಿ ಬೌಲಿಂಗ್ ಮಾಡಿ ಕೈ ಬಿಸಿಯಾಗಿದ್ದ ಪ್ರಸಿದ್ಧ ಕೃಷ್ಣ ಮಾತ್ರ ಐದನೇ ಟೆಸ್ಟ್‌ವರೆಗೆ ನೀರಿನ ಬಾಟಲಿ ಹಿಡಿದು ಓಡಾಡಿದರು. ಸಿಡ್ನಿಯಲ್ಲಿ ಅವಕಾಶ ಸಿಕ್ಕಾಗ ಒಂದೇ ಪಂದ್ಯದಲ್ಲಿ 6 ವಿಕೆಟ್. ಆಕಾಶ್ ದೀಪ್‌ಗೆ ಎರಡು ಟೆಸ್ಟ್‌ಗಳಲ್ಲಿ ಸಿಕ್ಕಿದ್ದು 5, ಹರ್ಷಿತ್‌ಗೆ ಎರಡರಲ್ಲಿ 4. ಆಕಾಶ್ ದೀಪ್ ಬ್ಯಾಟಿನ ಅಂಚು ತಪ್ಪಿಸಿಕೊಂಡು ಹೋದ ಚೆಂಡುಗಳನ್ನೆಷ್ಟೋ ಹಾಕಿದರು, ಅದೃಷ್ಟ ಕೂಡಲಿಲ್ಲ, ಅದು ಬೇರೆ ಮಾತು. ಆದರೆ ಪುಟಿತ ಹೆಚ್ಚಿರುವ ಪಿಚ್‌ಗಳಿಗೆ ಎತ್ತರದ ಪ್ರಸಿದ್ಧ ಹೇಳಿ ಮಾಡಿಸಿದ ಬೌಲರ್ ಎಂಬುದು ಬೆಂಗಳೂರಿನ ಲೀಗ್ ಪಂದ್ಯ ನೋಡುವವರಿಗೂ ಗೊತ್ತು.

ಪರ್ತ್: ಸೇವೆ ಹೇಗಿರಬೇಕಿತ್ತೋ ಹಾಗೆ

ರೋಹಿತ್ ಎರಡನೇ ಮಗುವಿನ ಜನನಕ್ಕಾಗಿ ಮನೆಯಲ್ಲಿದ್ದರು, ಉಪನಾಯಕ ಬುಮ್ರಾ ನಾಯಕ. ಆರ್. ಅಶ್ವಿನ್ ಮತ್ತು ರವೀಂದ್ರ ಜಡೇಜಾ ಇಬ್ಬರನ್ನೂ ಹೊರಗಿಟ್ಟು ವಾಷಿಂಗ್ಟನ್ ಸುಂದರ್‌ಗೆ ಜಾಗ ಕೊಟ್ಟರು. ನಿತೀಶ್ ಮತ್ತು ಹರ್ಷಿತ್‌ಗೆ ಮೊದಲ ಟೆಸ್ಟ್. ಟಾಸ್ ಗೆದ್ದು ಬ್ಯಾಟಿಂಗ್, 150ಕ್ಕೆ ಆಲೌಟ್. ಅಲ್ಲಿಂದ ಮುಂದೆ ನಾಯಕತ್ವವೆಂದರೆ ಏನೆಂದು ತೋರಿಸಿದ್ದು ಬುಮ್ರಾ ಹಾಕಿದ ಚೆಂಡೇ. ಮೊದಲ ದಿನದಾಟ ಮುಗಿದಾಗ ಆಸ್ಟ್ರೇಲಿಯಾ 7ಕ್ಕೆ 67, ಮರುದಿನ 104ಕ್ಕೆ ಮುಕ್ತಾಯ, ಬುಮ್ರಾ 30ಕ್ಕೆ 5. ಯಶಸ್ವಿ ಜೈಸ್ವಾಲ್ ಮತ್ತು ಕೆ.ಎಲ್. ರಾಹುಲ್ ಆರಂಭದ ಜತೆಯಾಟದಲ್ಲಿ 201 ಸೇರಿಸಿದರು.

ಡಿಕ್ಲೇರ್ ಮಾಡಿದ ಹೊತ್ತನ್ನು ಗಮನಿಸಿ. ವಿರಾಟ್ ಕೊಹ್ಲಿ ಶತಕ ಮುಟ್ಟಿದ ಕೂಡಲೇ, ಮೂರನೇ ದಿನದ ಕೊನೆಗೆ ಬೆರಳೆಣಿಕೆಯ ಓವರ್ ಉಳಿದಿರುವಾಗ, 6ಕ್ಕೆ 487. ದಣಿದ ಫೀಲ್ಡರ್‌ಗಳು ಪ್ಯಾಡ್ ಕಟ್ಟಿ ಸಂಜೆ ಬೆಳಕಿನಲ್ಲಿ ಹೊಸ ಚೆಂಡು ಎದುರಿಸಬೇಕಾಯಿತು, 3ಕ್ಕೆ 12 ಆಯಿತು. ಗೆಲುವು 295 ರನ್‌ಗಳದ್ದು. ಇಲ್ಲಿ ಓವರ್ ಲೆಕ್ಕ ಹೊಂದಿತು, ಏಕೆಂದರೆ ಎದುರಾಳಿ ಎರಡೂ ಇನಿಂಗ್ಸ್‌ನಲ್ಲಿ ಬೇಗ ಉರುಳಿತು. ಬೌಲರ್‌ನ ಕೊರತೆ ಗೆದ್ದ ಪಂದ್ಯದಲ್ಲಿ ಕಾಣುವುದಿಲ್ಲ.

ನಾಯಕ ಎಲ್ಲಿ ಬ್ಯಾಟ್ ಮಾಡಬೇಕು?

ಅಡಿಲೇಡ್‌ಗೆ ರೋಹಿತ್ ಮರಳಿದರು, ಆರನೇ ಕ್ರಮಾಂಕಕ್ಕಿಳಿದರು. ಪರ್ತ್‌ನ ಆರಂಭಿಕ ಜೋಡಿಯನ್ನು ಮುಟ್ಟದಿರುವುದು ಸರಿಯಾದ ನಿರ್ಧಾರವೇ, ಅದನ್ನು ಒಪ್ಪಬೇಕು. ಆದರೆ ಹೊಸ ಚೆಂಡಿಗೆ ಒಗ್ಗಿದ ಆಟಗಾರ ಆರರಲ್ಲಿ ಬಂದು ಪಿಂಕ್ ಬಾಲ್‌ಗೆ 3 ಮತ್ತು 6, ಬ್ರಿಸ್ಬೇನ್‌ನಲ್ಲಿ 10. ಮೆಲ್ಬರ್ನ್‌ಗೆ ಬಂದಾಗ ಆ ಸರಿಯಾದ ನಿರ್ಧಾರವನ್ನೇ ಹಿಂತೆಗೆದುಕೊಂಡರು. ರೋಹಿತ್ ಮತ್ತೆ ಆರಂಭಿಕ. ಬ್ರಿಸ್ಬೇನ್‌ನಲ್ಲಿ 84 ಹೊಡೆದು ತಂಡವನ್ನು ನಿಲ್ಲಿಸಿದ್ದ ರಾಹುಲ್ ಮೂರಕ್ಕೆ, ಗಿಲ್ ಹೊರಗೆ. ರಾಹುಲ್ 24 ಮತ್ತು ಸೊನ್ನೆ, ರೋಹಿತ್ 3 ಮತ್ತು 9. ಒಬ್ಬರ ಲಯ ಹುಡುಕಲು ಹೋಗಿ, ಲಯದಲ್ಲಿದ್ದ ಇನ್ನೊಬ್ಬರನ್ನು ಕದಲಿಸಿದರು.

ನಾಯಕನನ್ನು ಮೊದಲು ನಿಶ್ಚಯಿಸಿ ಆಮೇಲೆ ಹನ್ನೊಂದು ಬರೆಯುವ ಪದ್ಧತಿಯ ಬೆಲೆ ಇದು. ಐದು ಇನಿಂಗ್ಸ್‌ನಲ್ಲಿ 31 ರನ್, ಸರಾಸರಿ 6.20. ಇದೇ ಅಂಕಿ ಬೇರೆ ಯಾರದ್ದೇ ಆಗಿದ್ದರೂ ಎರಡನೇ ಟೆಸ್ಟ್ ಮುಗಿಯುತ್ತಲೇ ಚರ್ಚೆ ಎದ್ದಿರುತ್ತಿತ್ತು. ಸಿಡ್ನಿಗೆ ರೋಹಿತ್ ತಾವಾಗಿ ಹಿಂದೆ ಸರಿದರು. ಎರಡನೇ ದಿನದ ಊಟದ ವಿರಾಮದಲ್ಲಿ ಟಿವಿಯಲ್ಲೇ ಅದನ್ನು ವಿವರಿಸಿದರು: ಕೋಚ್‌ಗೆ, ಆಯ್ಕೆಗಾರರಿಗೆ ತಿಳಿಸಿಯೇ ಈ ನಿರ್ಧಾರ, ನಿವೃತ್ತಿಯಲ್ಲ ಎಂದು. ಆಟಗಾರನಾಗಿ ಅದು ದೊಡ್ಡತನವೇ. ಸೇವೆಯಾಗಿ ನೋಡಿದರೆ, ಸಮಿತಿ ಮಾಡಬೇಕಿದ್ದ ಕೆಲಸವನ್ನು ಆಟಗಾರ ಮಾಡಿಕೊಟ್ಟಂತೆ.

ಇದೇ ಟ್ರೋಫಿಯ ಹಿಂದಿನ ಪ್ರವಾಸಗಳಲ್ಲಿ ಈ ಬಿಗಿತ ಇರಲಿಲ್ಲ. 2018ರ ಮೆಲ್ಬರ್ನ್‌ನಲ್ಲಿ ಮುರಳಿ ವಿಜಯ್ ಮತ್ತು ರಾಹುಲ್ ಇಬ್ಬರನ್ನೂ ಒಮ್ಮೆಗೇ ಕೈಬಿಟ್ಟು ಹೊಸ ಜೋಡಿ ಇಳಿಸಿದರು. ಮಯಾಂಕ್ ಅಗರ್‌ವಾಲ್ ಮೊದಲ ಇನಿಂಗ್ಸ್‌ನಲ್ಲೇ 76 ಹೊಡೆದರು, ಭಾರತ ಗೆದ್ದಿತು. 2020ರಲ್ಲಿ ಅಡಿಲೇಡ್‌ನಲ್ಲಿ 36ಕ್ಕೆ ಆಲೌಟ್ ಆಗಿ, ಕೊಹ್ಲಿ ಊರಿಗೆ ಮರಳಿದ ಮೇಲೆ, ಅಜಿಂಕ್ಯ ರಹಾನೆ ನಾಯಕತ್ವದ ತಂಡ ಮುಂದಿನ ಟೆಸ್ಟ್‌ನಲ್ಲಿ ಕೊಹ್ಲಿ ಜಾಗಕ್ಕೆ ಬ್ಯಾಟರ್‌ನನ್ನು ತರಲಿಲ್ಲ, ಜಡೇಜಾರನ್ನು ತಂದಿತು. ಅಂದರೆ ಐವರು ಬೌಲರ್‌ಗಳು. 36ಕ್ಕೆ ಉರುಳಿದವರು ಮಾಡಬೇಕಾದ್ದು ಅದೇ ಎಂದು ಆಗ ಎಷ್ಟು ಜನ ಹೇಳುತ್ತಿದ್ದರು? ಆ ಪಂದ್ಯವನ್ನೂ ಗೆದ್ದರು, ಸರಣಿಯನ್ನೂ. ಇನ್ನೂ ಹಿಂದೆ, 2008ರ ಸಿಡ್ನಿ ರಾದ್ಧಾಂತದ (ಅಂಪೈರಿಂಗ್ ತಪ್ಪುಗಳು, ಹರ್‌ಭಜನ್-ಸೈಮಂಡ್ಸ್ ಜಗಳ) ನಂತರದ ಪರ್ತ್ ಟೆಸ್ಟ್‌ನಲ್ಲಿ ಅನಿಲ್ ಕುಂಬ್ಳೆ ಯುವರಾಜ್, ಹರ್‌ಭಜನ್ ಬದಲು ಸೆಹ್ವಾಗ್, ಇರ್ಫಾನ್ ಪಠಾಣ್‌ರನ್ನು ಆಡಿಸಿದರು. ತಾವೊಬ್ಬರೇ ಮುಖ್ಯ ಸ್ಪಿನ್ನರ್, ಜೊತೆಗೆ ಮೂವರು ವೇಗಿಗಳು. ಇರ್ಫಾನ್ ಪಂದ್ಯಶ್ರೇಷ್ಠರಾದರು, ಗೆಲುವು 72 ರನ್‌ಗಳದ್ದು. ಸ್ಪಿನ್ನರ್ ಆಗಿದ್ದ ನಾಯಕ ಇನ್ನೊಬ್ಬ ಸ್ಪಿನ್ನರ್‌ನನ್ನು ಬಿಟ್ಟು ವೇಗಿಯನ್ನು ಕೇಳಿದ್ದು ಮರೆಯುವಂಥದ್ದಲ್ಲ.

ಮೂರು ಟೆಸ್ಟ್, ಮೂವರು ಸ್ಪಿನ್ನರ್

ಪರ್ತ್‌ನಲ್ಲಿ ಸುಂದರ್, ಅಡಿಲೇಡ್‌ನಲ್ಲಿ ಅಶ್ವಿನ್, ಬ್ರಿಸ್ಬೇನ್‌ನಲ್ಲಿ ಜಡೇಜಾ. ಮೆಲ್ಬರ್ನ್, ಸಿಡ್ನಿಯಲ್ಲಿ ಜಡೇಜಾ-ಸುಂದರ್ ಇಬ್ಬರೂ. ಪಿಚ್ ನೋಡಿ ಸ್ಪಿನ್ನರ್ ಬದಲಿಸಿದರು ಎಂದುಕೊಳ್ಳಬಹುದು, ಆದರೆ ಮೂವರೂ ಆಫ್‌ಸ್ಪಿನ್ ಅಥವಾ ಎಡಗೈ ಫಿಂಗರ್ ಸ್ಪಿನ್‌ನವರೇ. ಬದಲಾದದ್ದು ಬ್ಯಾಟಿಂಗ್ ಸಾಮರ್ಥ್ಯದ ಅಂದಾಜು. ಐದು ಟೆಸ್ಟ್‌ಗಳಲ್ಲಿ ಮೂವರಿಗೂ ಸೇರಿ 8 ವಿಕೆಟ್. ಬ್ರಿಸ್ಬೇನ್‌ನಲ್ಲಿ ಜಡೇಜಾ 23 ಓವರ್ ಹಾಕಿ 95 ಕೊಟ್ಟರು, ವಿಕೆಟ್ ಇಲ್ಲ. ಅದೇ ಇನಿಂಗ್ಸ್‌ನಲ್ಲಿ ಬುಮ್ರಾ 28 ಓವರ್‌ಗೆ 76 ಕೊಟ್ಟು 6. ಆ ಪಂದ್ಯದಲ್ಲಿ ಜಡೇಜಾ 77 ರನ್ ಹೊಡೆದು ಫಾಲೋಆನ್ (ಬಹಳ ಹಿಂದೆ ಬಿದ್ದ ತಂಡ ಕೂಡಲೇ ಮತ್ತೆ ಬ್ಯಾಟ್ ಮಾಡಬೇಕಾಗುವುದು) ಸಮೀಪದಿಂದ ಎಳೆತಂದರು ಎಂಬುದೂ ನಿಜ. ಮೆಲ್ಬರ್ನ್‌ನಲ್ಲಿ ನಿತೀಶ್ (114) ಮತ್ತು ಸುಂದರ್ (50) 127 ರನ್ ಸೇರಿಸಿದ್ದೂ ನಿಜ. ಈ ಆಯ್ಕೆಯನ್ನು ಸಮರ್ಥಿಸುವವರು ಇವೆರಡನ್ನೇ ಎತ್ತಿ ತೋರಿಸುತ್ತಾರೆ. ಹಾಗೆ ತೋರಿಸುವಾಗ ಫಾಲೋಆನ್ ತಪ್ಪಿಸಿದ್ದು ಕೊನೆಯ ಜೋಡಿ ಬುಮ್ರಾ-ಆಕಾಶ್ ದೀಪ್ ಎಂಬುದನ್ನೂ ಹೇಳಬೇಕು.

ಈ ಹಾವು-ಏಣಿ ಆಟದಲ್ಲಿ ಕಳೆದುಹೋದದ್ದು ಅಶ್ವಿನ್. 106 ಟೆಸ್ಟ್, 537 ವಿಕೆಟ್‌ನ ಬೌಲರ್ ಒಮ್ಮೆ ಒಳಗೆ, ಎರಡು ಸಲ ಹೊರಗೆ, ಮೂರನೇ ಟೆಸ್ಟ್ ಮುಗಿದ ದಿನ, ಡಿಸೆಂಬರ್ 18ರಂದು, ನಿವೃತ್ತಿ. ಸರಣಿಯ ನಡುವೆ ಬದಲಿಗೆ ತನುಷ್ ಕೋಟ್ಯಾನ್‌ರನ್ನು ಕರೆಸಬೇಕಾಯಿತು.

ಮೆಲ್ಬರ್ನ್‌ನ ನಾಲ್ಕನೇ ದಿನ ಎಲ್ಲ ಲೆಕ್ಕ ಬಾಕಿ ತೀರಿಸಿಕೊಂಡಿತು. ಆಸ್ಟ್ರೇಲಿಯಾ 9ಕ್ಕೆ 173. ಬಾಲಂಗೋಚಿಗಳಾದ ನೇಥನ್ ಲಯನ್, ಬೋಲ್ಯಾಂಡ್ ಮರುದಿನ ಬೆಳಿಗ್ಗೆಯವರೆಗೂ ನಿಂತು ಕೊನೆಯ ವಿಕೆಟ್‌ಗೆ 61 ಸೇರಿಸಿದರು. ಮೊದಲ ಇನಿಂಗ್ಸ್‌ನಲ್ಲಿ 28.4 ಓವರ್ ಹಾಕಿದ್ದ ಬುಮ್ರಾ ಇಲ್ಲಿ ಮತ್ತೆ 24.4. ಹಳೆಯ ಚೆಂಡಿನಲ್ಲಿ ಯಾರ್ಕರ್ ಹಾಕಿ ಮುಗಿಸಬಲ್ಲ ನಾಲ್ಕನೇ ವೇಗಿ ಬೇಕಿದ್ದದ್ದು ಆ ಹೊತ್ತಿನಲ್ಲಿ. ತಂಡದಲ್ಲಿದ್ದದ್ದು ಇಬ್ಬರು ಸ್ಪಿನ್ನರ್, ಒಬ್ಬ ಆಲ್‌ರೌಂಡರ್. ಜೈಸ್ವಾಲ್ ಕೈಬಿಟ್ಟ ಮೂರು ಕ್ಯಾಚ್‌ಗಳೂ ದುಬಾರಿಯಾದವು, ಅದನ್ನು ಆಯ್ಕೆಯ ಲೆಕ್ಕಕ್ಕೆ ಹಾಕುವಂತಿಲ್ಲ. ಗುರಿ 340ಕ್ಕೆ ಹೋಯಿತು.

ಸಿಡ್ನಿಯ ಪಿಚ್ ಹಸಿರಾಗಿತ್ತು. ಮೊದಲ ಎರಡು ದಿನಗಳಲ್ಲೇ 26 ವಿಕೆಟ್ ಬಿದ್ದವು. ಅಲ್ಲಿಗೂ ಇಬ್ಬರು ಸ್ಪಿನ್ನರ್‌ಗಳು! ಇಬ್ಬರಿಗೂ ವಿಕೆಟ್ ಇಲ್ಲ, ಹಾಕಿದ್ದು ಬೆರಳೆಣಿಕೆಯ ಓವರ್. ಎರಡನೇ ದಿನ ಬುಮ್ರಾ ಬೆನ್ನು ಹಿಡಿದು ಸ್ಕ್ಯಾನಿಂಗ್‌ಗೆ ಹೋದರು, ಕೊಹ್ಲಿ ಮೈದಾನದಲ್ಲಿ ತಂಡ ನಡೆಸಿದರು. 162 ರನ್ ಉಳಿಸಿಕೊಳ್ಳಲು ಉಳಿದ ವೇಗಿಗಳು ಸಿರಾಜ್, ಪ್ರಸಿದ್ಧ, ನಿತೀಶ್. 27 ಓವರ್‌ಗಳಲ್ಲಿ ಮುಗಿಯಿತು.

ಎದುರು ಅಂಗಡಿ

ಆಸ್ಟ್ರೇಲಿಯಾದ ಆಯ್ಕೆಯೇನೂ ನಿರ್ದೋಷಿಯಲ್ಲ. ಮೂರರಲ್ಲಿ ಆಡುವ ನೇಥನ್ ಮೆಕ್‌ಸ್ವೀನಿಯನ್ನು ಆರಂಭಿಕನನ್ನಾಗಿಸಿ, ಬುಮ್ರಾ ಹೊಸ ಚೆಂಡಿಗೆ ಒಡ್ಡಿ, ಆರು ಇನಿಂಗ್ಸ್‌ನಲ್ಲಿ 72 ರನ್ ಬಂದ ಮೇಲೆ ಕೈಬಿಟ್ಟರು. ತಪ್ಪು ಅವರದ್ದೇ. ಆದರೆ ತಿದ್ದಿದ ರೀತಿ ನೋಡಿ. ಜಾರ್ಜ್ ಬೇಲಿ ಅಧ್ಯಕ್ಷತೆಯ ಅವರ ಆಯ್ಕೆ ಸಮಿತಿ ತಂದದ್ದು 19ರ ಸ್ಯಾಮ್ ಕಾನ್‌ಸ್ಟಾಸ್‌ರನ್ನು. ಒಟ್ಟು ನಾಲ್ಕು ಇನಿಂಗ್ಸ್‌ನಲ್ಲಿ 113, ದೊಡ್ಡ ಮೊತ್ತವಲ್ಲ. ಮೆಲ್ಬರ್ನ್‌ನ ಮೊದಲ ಬೆಳಿಗ್ಗೆ 65 ಎಸೆತಗಳ 60ರಲ್ಲಿ ಬುಮ್ರಾ ಅವರ ಒಂದೇ ಓವರ್‌ನಿಂದ 18 ಕಸಿದು, ಹೊಸ ಚೆಂಡಿನ ಸ್ಪೆಲ್ ಹದಗೆಡಿಸಿದ್ದೇ ಆತನ ಕೆಲಸ. ಫಾರ್ಮ್ ಕಳೆದುಕೊಂಡಿದ್ದ, ಬೌಲಿಂಗ್ ಕೂಡ ಹೆಚ್ಚು ಮಾಡಲಾಗದ ಮಿಚೆಲ್ ಮಾರ್ಷ್ (ಏಳು ಇನಿಂಗ್ಸ್‌ನಲ್ಲಿ 73) ಜಾಗಕ್ಕೆ ಸಿಡ್ನಿಯಲ್ಲಿ ಬ್ಯೂ ವೆಬ್‌ಸ್ಟರ್ ಬಂದರು, ಮೊದಲ ಟೆಸ್ಟ್‌ನಲ್ಲೇ 57. ನಾಯಕ ಕಮಿನ್ಸ್‌ರ ಒಂದು ಬೌಲಿಂಗ್ ಬದಲಾವಣೆ ಸಾಕು ಉದಾಹರಣೆಗೆ: ಮೆಲ್ಬರ್ನ್ ಕೊನೆಯ ದಿನ ಜೈಸ್ವಾಲ್-ಪಂತ್ ಜೋಡಿ 88 ಸೇರಿಸಿ ನಿಂತಾಗ ಹೆಡ್‌ಗೆ ಚೆಂಡು ಕೊಟ್ಟರು, ಪಂತ್ ಎತ್ತಿ ಹೊಡೆದು ಲಾಂಗ್‌ಆನ್‌ನಲ್ಲಿ ಸಿಕ್ಕಿಬಿದ್ದರು. ಕೊನೆಯ ಏಳು ವಿಕೆಟ್ 34 ರನ್‌ಗೆ ಹೋದವು.

ಮಾರಾಟದ ನಂತರ

2025ರ ಮೇನಲ್ಲಿ ರೋಹಿತ್, ಕೊಹ್ಲಿ ಇಬ್ಬರೂ ಟೆಸ್ಟ್‌ಗೆ ವಿದಾಯ ಹೇಳಿದರು, ಗಿಲ್ ನಾಯಕರಾದರು. ಬುಮ್ರಾ ಮೇಲಿನ ಹೊರೆ ನೋಡಿ ಅವರನ್ನು ನಾಯಕತ್ವದಿಂದ ದೂರವಿಟ್ಟು, ಇಂಗ್ಲೆಂಡ್‌ನ ಐದರಲ್ಲಿ ಮೂರು ಟೆಸ್ಟ್ ಮಾತ್ರ ಆಡಿಸಿದರು. ಒಂದು ದೂರು ಪರಿಹಾರವಾಯಿತು. ಮೂಲ ದೋಷ ಹಾಗೇ ಉಳಿಯಿತು: ಎಂಟರವರೆಗೆ ಬ್ಯಾಟಿಂಗ್ ಬೇಕೆಂಬ ಹಟದಲ್ಲಿ ಕುಲ್‌ದೀಪ್ ಐದೂ ಟೆಸ್ಟ್ ಬೆಂಚಿನ ಮೇಲೆ, ಈ ಸಲ ಹೊರೆ ಹೊತ್ತದ್ದು 185.3 ಓವರ್ ಹಾಕಿದ ಸಿರಾಜ್. ಸರಣಿ 2-2 ಆಯಿತು, ಸಿರಾಜ್ ಬೆನ್ನು ಗಟ್ಟಿ ಇತ್ತು.

ಬಾರ್ಡರ್–ಗವಾಸ್ಕರ್ ಟ್ರೋಫಿ 2027ರ ಆರಂಭದಲ್ಲಿ ಭಾರತಕ್ಕೆ ಬರಬೇಕು. ಇಲ್ಲಿನ ಪಿಚ್‌ನಲ್ಲಿ ಲೆಕ್ಕ ವೇಗಿಗಳಿಂದ ಸ್ಪಿನ್ನರ್‌ಗಳಿಗೆ ಹೊರಳುತ್ತದೆ, ಅಶ್ವಿನ್ ಇರುವುದಿಲ್ಲ. ಪಟ್ಟಿ ಬಂದ ದಿನ ನಾಯಕನ ಹೆಸರಿನಿಂದ ಓದಲು ಶುರುಮಾಡಬೇಡಿ, ಕೆಳಗಿನಿಂದ ಓದಿ. ಏಳು, ಎಂಟು, ಒಂಬತ್ತನೇ ಕ್ರಮಾಂಕದ ಮೂವರಲ್ಲಿ ದಿನಕ್ಕೆ 20 ಓವರ್ ನಂಬಿ ಕೊಡಬಹುದಾದವರು ಎಷ್ಟು ಮಂದಿ ಎಂದು ಎಣಿಸಿ. ಇಬ್ಬರಿಗಿಂತ ಕಡಿಮೆ ಇದ್ದರೆ ಅಂಕ ಮೂರರ ಮೇಲೆ ಹೋಗುವುದು ಕಷ್ಟ.